ಗುಡ್ಡಮ್ಮ ಓದಿದ ಕಾಗದ

“ಮುಂಡೇದೆ, ಕಾಗದಾನ ಎಂತಕ್ಕೆ ಮೂಸ್ತೀಯ? ಅದೇನು ಒಣಮೀನಾ? ಹೆಬ್ಬೆಟ್ಟು ಒತ್ತು!”

ತೋಟದ ಒಡೆಯ ಶಿವಶಂಕರಪ್ಪ ಜಗಲಿಯಿಂದಲೇ ಅಬ್ಬರಿಸಿದ. ಬೇಗಾರಿನಲ್ಲಿ ಕೆಮ್ಮಿದರೆ ದೂರದ ನೆಮ್ಮಾರಿನ ಮಂಗಗಳು ಮರದಿಂದ ಉದುರುವಂಥ ಗಂಟಲು ಅವನದು.

ಅಂಗಳದಲ್ಲಿದ್ದ ಗುಡ್ಡಮ್ಮ ಮಾತ್ರ ಅಲ್ಲಾಡಲಿಲ್ಲ. ಅವನ ತೋಟದಲ್ಲಿ ನಲವತ್ತು ವರ್ಷ ಅಡಿಕೆ ಸುಲಿದ ಅವಳ ಹೆಬ್ಬೆರಳಿಗೆ ಮೂರು ತಾಲ್ಲೂಕಿನಲ್ಲಿ ಜೋಡಿ ಇರಲಿಲ್ಲ. ಗೆರೆ ಸವೆದ ಆ ಬೆರಳಿಗೆ ಆಧಾರ್ ಮಷೀನೇ ಕೈಮುಗಿದಿತ್ತು.

“ಎಂತ ಬರ್ದಿದೀರಿ ಒಡೇರೆ?”

“ನಿನ್ನ ಪಿಂಚಣಿ ಅರ್ಜಿ ಕಣೆ. ನೀನೇನು ಓದ್ತೀಯಾ?”

ಸಾಕ್ಷಿಗೆ ಕರೆಸಿದ್ದ ಕೂಲಿ ಮಂಜಯ್ಯ ಕಿಸಕ್ಕೆಂದ. “ಓದ್ತಾಳೆ ಒಡೇರೆ! ಎನ್ನಾರ್‌ಪುರದಲ್ಲಿ ಕೊಪ್ಪದ್ದು ಅಂತ ಶೆಟ್ಟಿಕೊಪ್ಪದ ಬಸ್ಸು ಹತ್ತಿದವ್ಳು ಮಾರಾಯ್ರೆ!”

ಹತ್ತಿದ್ದು ನಿಜ. ಆಗೆಲ್ಲ ಗುಡ್ಡಮ್ಮ ಬೋರ್ಡಿನ ಬಾಲ ನೋಡಿ ಬಸ್ಸು ಗುರುತಿಸುತ್ತಿದ್ದಳು. ‘ಕೊಪ್ಪ’ ಕಂಡಿತು, ಹತ್ತಿದಳು. ಶೆಟ್ಟಿಕೊಪ್ಪದಲ್ಲಿ ಇಳಿಸಿ ಕಂಡಕ್ಟರ್ ಬೈದ ಬೈಗುಳಕ್ಕೆ ರಸ್ತೆಯ ಡಾಂಬರೇ ಕಿತ್ತುಬಂತು. ಅವತ್ತಿಂದ ತಲೆ, ನಡು, ಬಾಲ ಮೂರನ್ನೂ ನೋಡದೆ ಅವಳು ಯಾವ ಬರಹವನ್ನೂ ನಂಬಲಿಲ್ಲ. ‘ಟ್ಟಿ’ ದಕ್ಕಿದ್ದು ಹಾಗೆ. ‘ಬಿ’ಯನ್ನು ಬಿಸ್ಕತ್ತಿನ ಪೊಟ್ಟಣದಿಂದ ಕಿತ್ತಳು. ಹಕ್ಕುಪತ್ರ ಬಂದ ಅವಳ ಗುಡಿಸಲಿನ ಬಾಗಿಲಿಗೆ ಪಂಚಾಯ್ತಿಯವರು ‘ಮನೆ ನಂಬರ್’ ಬರೆದು ಹೋದಾಗ ‘ಮನೆ’ಯನ್ನು ಇಡಿಯಾಗಿ ನುಂಗಿದಳು. ಮೇಷ್ಟ್ರಿಲ್ಲ, ಸ್ಲೇಟಿಲ್ಲ, ಶೃಂಗೇರಿಯ ಶಾರದೆಗೂ ಗೊತ್ತಾಗದ ಹಾಗೆ ಅಕ್ಷರ ಕದ್ದಳು.

ಈಗ ಕಾಗದದ ಮೂರನೇ ಸಾಲಿನಲ್ಲಿ ಅವಳ ಬಾಗಿಲೇ ಕಂಡಿತು.

“ಪಿಂಚಣಿಗೆ ನನ್ ಮನೆ ಎಂತಕ್ಕೆ ಒಡೇರೆ?”

ಶಿವಶಂಕರಪ್ಪನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಗುಡ್ಡಮ್ಮನ ಬೆರಳು ಮುಂದೆ ತೆವಳಿತು.

“ಬಿ... ಟ್ಟು... ಕೊ... ಟ್ಟಿ... ಬಿಟ್ಟುಕೊಟ್ಟಿದೀನಾ? ನನ್ ಮನೇನ? ನಾನು? ಯಾವಾಗ?”

ಶಿವಶಂಕರಪ್ಪ ಎಲೆಯಡಿಕೆ ಉಗಿದ.

“ನನ್ ತೋಟಕ್ಕೆ ತಾಗಿದ ಜಾಗ ಕಣೆ ಅದು! ಬಾಯ್ಮುಚ್ಕಂಡು ಒತ್ತು. ಇಲ್ದಿದ್ರೆ ನಾಳಿಂದ ಕೆಲ್ಸಕ್ಕೆ ಬರ್ಬೇಡ!”

“ಒತ್ತೂಕೆ ಎಂತ, ಒತ್ತಿದ್ರಾಯ್ತು.”

ಹೆಬ್ಬೆರಳಿಗೆ ಮಸಿ ಮೆತ್ತಿಕೊಂಡು ಆ ಉದ್ದನೆಯ ಪದದ ಮೇಲೆಯೇ ಊರಿದಳು. ಒಂದೇ ಏಟಿಗೆ ‘ಬಿಟ್ಟು’ ಮುಳುಗಿತು, ಎರಡನೆಯದಕ್ಕೆ ‘ಕೊಟ್ಟಿದ್ದೇನೆ’.

“ಅಯ್ಯೋ ಹಲ್ಕಟ್ ಹೆಂಗ್ಸೇ, ಸ್ಟಾಂಪ್ ಪೇಪರು!”

“ಒತ್ತು ಅಂದ್ರಿ. ಎಲ್ಲಿ ಅಂತ ಹೇಳ್ಲಿಲ್ಲ.”

ಕಾಗದದಲ್ಲಿ ಇನ್ನೂ ಏಳು ಸಾಲು ಉಳಿದಿದ್ದವು. ಗುಡ್ಡಮ್ಮ ಹೆಬ್ಬೆರಳನ್ನು ಮತ್ತೆ ಮಸಿಗೆ ಅದ್ದಿದಳು.