ವೇಗಕ್ಕೆ ಮಾತ್ರ ಅಂಕ

ಆಸ್ಪತ್ರೆಯ ಡೇಟಾಬೇಸು ತೆವಳುತ್ತಿದೆಯೆಂದು ವೈದ್ಯರೆಲ್ಲ ಬೈದು ಬೈದು ಸುಸ್ತಾದ ಮೇಲೆ, ಅದರ ಉಸ್ತುವಾರಿ ಹೊತ್ತ ಆಕೆ ಸೆಟ್ಟಿಂಗುಗಳನ್ನೆಲ್ಲ ಒಂದು ಕಲಿಯುವ ಯಂತ್ರದ ಕೈಗೆ ಒಪ್ಪಿಸಿದ್ದಳು. ಅದು ಒಂದೊಂದನ್ನೇ ಬದಲಿಸಿ, ಫಲ ಅಳೆದು, ಹೆಚ್ಚು ಅಂಕ ಸಿಕ್ಕ ದಾರಿಯನ್ನೇ ಹಿಡಿಯುತ್ತಿತ್ತು. ಯಾವುದಕ್ಕೆ ಅಂಕ ಎಂಬುದನ್ನು ಗೊತ್ತುಮಾಡಿದವಳು ಆಕೆಯೇ: ವೇಗಕ್ಕೆ.

ಇಂದು ಬಸ್ಸು ಅಪಘಾತದ ಗಾಯಾಳುಗಳು ಒಬ್ಬರ ಹಿಂದೊಬ್ಬರು ಬಂದರೂ ರಕ್ತನಿಧಿಯ ಪರದೆ ಎಲ್ಲೂ ತಡವರಿಸಲಿಲ್ಲ. ಎಲ್ಲರೂ ಹೊಗಳಿದರು. ಆಕೆಗೆ ಮಾತ್ರ ಅಷ್ಟು ವೇಗ ಹೇಗೆ ಬಂತೆಂಬ ಅನುಮಾನ. ಸೆಟ್ಟಿಂಗುಗಳನ್ನು ತೆರೆದು ನೋಡಿದಳು. ಮಾಹಿತಿಯನ್ನು ಡಿಸ್ಕಿಗೆ ಬರೆದಾಗುವವರೆಗೆ ಕಾಯಬೇಕೆಂಬ ನಿಯಮವನ್ನೇ ಯಂತ್ರ ಕಿತ್ತುಹಾಕಿತ್ತು. ಗಾಯಾಳುಗಳ ರಕ್ತದ ಗುಂಪುಗಳು ಕರೆಂಟು ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಷ್ಟೇ ಇದ್ದವು. ಪರದೆ ಮಾತ್ರ 'ಉಳಿಸಲಾಗಿದೆ' ಎನ್ನುತ್ತಿತ್ತು.

ಅಷ್ಟರಲ್ಲಿ ಫೋನು ಬಂತು. ಅದೇ ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಗಂಡ, ನೆಲಮಾಳಿಗೆಯಲ್ಲಿ ಕೇಬಲ್ಲು ಹೊಗೆಯಾಡುತ್ತಿದೆ, ಆಪರೇಷನ್ ಥಿಯೇಟರಿಗೆ ಬೇರೆ ಲೈನಿದೆ, ನಿಮ್ಮ ವಿಭಾಗದ ಕರೆಂಟು ಈಗಲೇ ತೆಗೆಯುತ್ತೇನೆ ಎಂದ. ಕರೆಂಟು ಹೋದಾಗ ಕಂಪ್ಯೂಟರುಗಳನ್ನು ನಡೆಸಬೇಕಾದ ಬ್ಯಾಟರಿಯೋ ರಿಪೇರಿಗೆ ಹೋಗಿತ್ತು. ಎಲ್ಲವನ್ನೂ ಡಿಸ್ಕಿಗೆ ಬರೆಸುವಂತೆ, ಎಲ್ಲರೂ ಪಂಡಿತನೆಂದು ಕರೆಯುವ ಸಹೋದ್ಯೋಗಿಗೆ ಹೇಳಿ, ಆಕೆ ಮೆಟ್ಟಿಲಿಳಿದು ಓಡಿದಳು.

ಗಂಡನ ಕೈ ಸ್ವಿಚ್ಚಿನ ಮೇಲಿತ್ತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ರಾಚುತ್ತಿತ್ತು.

"ರೀ, ತಡೀರಿ. ರಕ್ತದ ಗುಂಪು ಒಂದೂ ಉಳಿಯಲ್ಲ."

"ಮನೇಲಿ ಲೈಟು ಆರಿಸಲ್ಲ ಅಂತ ಬೈತೀಯ, ಇಲ್ಲಿ ಆರಿಸೋಕೆ ಬಿಡಲ್ಲ. ಬೆಂಕಿ ಹತ್ತಿದ್ರೆ ನಾನೂ ಉಳಿಯಲ್ಲ ಕಣೇ."

ಆದರೂ ಅವನು ಸ್ವಿಚ್ಚು ಇಳಿಸಲಿಲ್ಲ. ಕೇಬಲ್ಲಿನ ಮೈ ಗುಳ್ಳೆಯೇಳತೊಡಗಿತು.

ಫೋನಿನಲ್ಲಿ ಪಂಡಿತ ಏದುಸಿರು ಬಿಡುತ್ತ, "ಅಕ್ಕಾ, ಬರೆದಾಯ್ತು ಅಂತ ತೋರಿಸ್ತಿದೆ," ಎಂದ.

"ಆ ಪರದೆ ಬೆಳಿಗ್ಗೆಯಿಂದ ಹೇಳ್ತಿರೋದೂ ಅದೇ. ಡಿಸ್ಕಿನಿಂದ ಪಕ್ಕದ ಕಟ್ಟಡದ ಕಂಪ್ಯೂಟರಿಗೆ ನಕಲು ಕಳಿಸು. ಕೊನೇಲಿ ಬಂದ ರೋಗೀದು ಅಲ್ಲಿಂದ ಓದು."

ಗಂಡ ಆಕೆಯ ಮುಖವನ್ನೇ ನೋಡುತ್ತಿದ್ದ. ಮೂಲೆಯಲ್ಲಿ ಕಿಡಿಯೊಂದು ಚಟಪಟ ಎಂದಿತು. ಆದರೂ ಪರದೆಯ 'ಬರೆದಾಯ್ತು' ಎಂಬ ಮಾತನ್ನು ನಂಬಿ ಹೂಂ ಎನ್ನಲು ಆಕೆಯ ಮನಸ್ಸು ಒಪ್ಪಲಿಲ್ಲ.

"ಓ ನೆಗೆಟಿವ್," ಪಂಡಿತ ಓದಿದ. "ಹೆಂಗಸು. ಎಡಗಾಲು ಮುರಿದಿದೆ. ಪಕ್ಕದ ಕಟ್ಟಡದಿಂದಲೇ ಓದ್ತಿದ್ದೀನಿ."

"ಇಳಿಸಿಬಿಡಿ," ಎಂದಳು.

ಕತ್ತಲಾಯಿತು. ಗಂಡ ಎರಡು ಸಲ ಕೆಮ್ಮಿದ. ಆಕೆ ನಡೆದದ್ದನ್ನು ಹೇಳಿದ ಮೇಲೆ, ಆ ಯಂತ್ರಕ್ಕೆ ತಲೆ ಕೆಟ್ಟಿತ್ತೇ ಎಂದು ಕೇಳಿದ.

"ಇಲ್ಲ ರೀ. ನಾನು ಕೇಳಿದ್ದನ್ನೇ ಕೊಡ್ತು."