ಹಾರ್ಲನ್ ವೀಡ್‌ನ ಕೊನೆಯ ಏಳು ಚಿತ್ರಗಳು

“ನೀನು ಭಾರತದವಳು. ನಿಮ್ಮಲ್ಲೇ ಅಷ್ಟು ದೊಡ್ಡ ಚಿತ್ರರಂಗ ಇರುವಾಗ ಈ ಕೌಬಾಯ್ ಸಿನೆಮಾಗಳು ಯಾಕೆ?”

ಡಚ್ ವಿಶ್ವವಿದ್ಯಾಲಯವೊಂದರ ಪ್ರೊಫೆಸರ್ ಮರೈಕೆ ಇದನ್ನು ನಯವಾಗಿಯೇ ಕೇಳಿದರು. ಅವರ ಪಕ್ಕದಲ್ಲಿ ಇನ್ನಿಬ್ಬರು ಪರೀಕ್ಷಕರು ಕೂತಿದ್ದರು. ಸಂಪ್ರೀತಾ ಸಂಶೋಧನೆ ಶುರು ಮಾಡಿ ಒಂಬತ್ತು ತಿಂಗಳಾಗಿತ್ತು. ಅದು ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನವಾಗುವ ಸಭೆ ಇದು. ಅಲ್ಲಿ ಪಿಎಚ್‌ಡಿ ಎಂದರೆ ಸಂಬಳದ ಕೆಲಸ; ನಿಂತರೆ ಅದು ಹೋಗುತ್ತಿತ್ತು, ಅದರ ಬೆನ್ನಿಗೆ ವೀಸಾ ಕೂಡ.

ಉಡುಪಿಯ ಈ ಹುಡುಗಿ ಪಿಎಚ್‌ಡಿಗೆ ಆರಿಸಿಕೊಂಡದ್ದು ಹಾರ್ಲನ್ ವೀಡ್ ಎಂಬ ಹಳೆಯ ಹಾಲಿವುಡ್ ನಿರ್ದೇಶಕನನ್ನು. ಹದಿನೇಳನೇ ವಯಸ್ಸಿಗೆ ಸ್ಟುಡಿಯೋದಲ್ಲಿ ಕುದುರೆ ತೊಳೆಯಲು ಸೇರಿದವನು, ಮುಂದೆ ಮೂವತ್ತು ಕೌಬಾಯ್ ಚಿತ್ರಗಳನ್ನು, ಅಂದರೆ ವೆಸ್ಟರ್ನ್‌ಗಳನ್ನು ತೆಗೆದು ಹೆಸರು ಮಾಡಿದ. ಆಮೇಲೆ ಅವನ ಚಿತ್ರಗಳಲ್ಲಿ ಬಂದೂಕಿನ ಸದ್ದು ಕಡಿಮೆಯಾಯಿತು. ನಾಯಕ ಕುದುರೆಯಿಂದ ಇಳಿದು ಸುಮ್ಮನೆ ನಿಲ್ಲತೊಡಗಿದ. ಜನ ಬರಲಿಲ್ಲ. ಹೀಗೆ ಏಳು ಚಿತ್ರ ಬಿದ್ದ ಮೇಲೆ ಸ್ಟುಡಿಯೋ ಅವನನ್ನು ಕೈಬಿಟ್ಟಿತು. ಮುದುಕನ ಕೈ ಸೋತಿತ್ತು ಎಂದು ಪುಸ್ತಕಗಳು ಆ ಏಳನ್ನೂ ಒಂದೊಂದು ಪ್ಯಾರಾದಲ್ಲಿ ಮುಗಿಸಿದ್ದವು. ಅವನು ಬೇಕೆಂದೇ ಹಾಗೆ ತೆಗೆದ ಎಂಬುದು ಸಂಪ್ರೀತಾಳ ವಾದ.

“ಭಾರತೀಯ ಸಿನೆಮಾ ಅಂದರೆ ನಾಳೆ ಉದ್ಯೋಗ ಸಿಗುವುದೂ ಸುಲಭ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ,” ಎಂದರು ಮರೈಕೆ.

ಡೆಲ್ಫ್ಟ್‌ನಲ್ಲಿ ಓದುವ ಗೆಳೆಯ ಆಶಿಷ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದ್ದ. “ಸುಮ್ನೆ ಹೂಂ ಅಂದ್ಬಿಡೇ. ಫಸ್ಟ್ ಡಿಗ್ರಿ ಬರ್ಲಿ, ಆಮೇಲೆ ನಿಂಗೆ ಬೇಕಾದ್ದು ಬರ್ಕೋ.” ಬೆಳಿಗ್ಗೆ ತಾನಿರುವ ವೂರ್‌ಬರ್ಗ್‌ನಲ್ಲಿ ರೈಲು ಹತ್ತುವಾಗ ಅವಳೂ ಹೂಂ ಅನ್ನುವುದೆಂದೇ ಅಂದುಕೊಂಡಿದ್ದಳು.

ಈಗ ಬಾಯಿಂದ ಬಂದದ್ದು ಬೇರೆಯೇ ಮಾತು. “ನೀವು ಡಚ್ಚರು. ನಿಮ್ಮ ಪಿಎಚ್‌ಡಿ ಜಪಾನಿನ ಸಿನೆಮಾದ ಮೇಲೆ. ಯಾಕೆ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದರಾ?”

ಮರೈಕೆಯ ಕುತ್ತಿಗೆ ಕೆಂಪಾಯಿತು. ಪರೀಕ್ಷಕರಲ್ಲೊಬ್ಬರು ಕಾಫಿ ಲೋಟದೊಳಗೆ ನೋಡತೊಡಗಿದರು.

“ಅದು ಬೇರೆ ವಿಷಯ.”

“ಹೇಗೆ ಬೇರೆ?”

ಸಂಪ್ರೀತಾ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು. “ನಾಲ್ಕು ನಿಮಿಷ ನೋಡಿ. ಆಮೇಲೆ ಬೇಕಾದರೆ ನಿಲ್ಲಿಸಿ.”

ವೀಡ್‌ನ ಕಟ್ಟಕಡೆಯ ಚಿತ್ರ. ಒಬ್ಬ ಹೆಂಗಸಿನ ಗಂಡನನ್ನು ಕೊಂದವನೇ ಅವಳ ಮನೆಬಾಗಿಲಿಗೆ ನೀರು ಕೇಳಿಕೊಂಡು ಬಂದಿದ್ದಾನೆ. ಗೋಡೆಯ ಮೇಲೆ ಬಂದೂಕಿದೆ. ಅವಳು ಅದರತ್ತ ತಿರುಗಿಯೂ ನೋಡುವುದಿಲ್ಲ. ನೀರು ತಂದುಕೊಟ್ಟು, ಅವನು ಕುಡಿದು ಮುಗಿಸುವ ತನಕ ಎದುರಿಗೇ ನಿಲ್ಲುತ್ತಾಳೆ. ಅವನ ಕೈ ಅದುರಿ ನೀರು ಅಂಗಿಯ ಮೇಲೆಲ್ಲ ಚೆಲ್ಲುತ್ತದೆ. ಕ್ಯಾಮೆರಾ ಕದಲುವುದಿಲ್ಲ.

“ಅವಳು ಗುಂಡು ಹಾರಿಸಲೇಬೇಕು ಅಂತ ಸ್ಟುಡಿಯೋ ಮೂರು ಕಾಗದ ಬರೆದಿತ್ತು. ಪ್ರತಿಗಳು ನನ್ನ ಹತ್ತಿರ ಇವೆ. ಅವನು ಒಂದಕ್ಕೂ ಉತ್ತರ ಕೊಡದೆ ಇದನ್ನು ತೆಗೆದ. ಇದು ಕೈ ಸೋತವನ ಕೆಲಸವಾ?”

ಅವಳನ್ನು ಹೊರಗೆ ಕೂರಿಸಿ, ಇಪ್ಪತ್ತು ನಿಮಿಷದ ಮೇಲೆ ಒಳಗೆ ಕರೆದರು. ಆ ಕಾಗದಗಳನ್ನಿಟ್ಟುಕೊಂಡು ಒಂದು ಅಧ್ಯಾಯ ಬರೆಯಲು ಮೂರು ತಿಂಗಳು ಕೊಟ್ಟಿದ್ದರು. “ಜೊತೆಗೆ ಭಾರತೀಯ ಸಿನೆಮಾದ ಬಗ್ಗೆಯೂ ಒಂದು ಪ್ರಸ್ತಾವ ಬರೆದಿಟ್ಟುಕೋ,” ಎಂದರು ಮರೈಕೆ.

“ಅದನ್ನು ನಾನು ಬರೆಯುವುದಿಲ್ಲ.”

“ಈ ಅಧ್ಯಾಯ ಒಪ್ಪಿಗೆಯಾಗದಿದ್ದರೆ ನಿನಗೆ ಬೇರೆ ದಾರಿಯೇ ಇರುವುದಿಲ್ಲ.”

“ಗೊತ್ತು.”

ಕಾರಿಡಾರಿಗೆ ಬರುವಷ್ಟರಲ್ಲಿ ಉಡುಪಿಯಿಂದ ಅಮ್ಮ ಪುಷ್ಪಾವತಿಯ ಫೋನು.

“ಎಂತ ಹೇಳಿದ್ರು ಮಗಾ?”

“ಮೂರು ತಿಂಗಳು ಕೊಟ್ಟಿದ್ದಾರೆ ಅಮ್ಮ. ಆಮೇಲೆ ಎಂತ ಅಂತ ಗೊತ್ತಿಲ್ಲ.”

“ವಿಷಯ ಬದಲ್ಸಿದ್ಯಾ?”

“ಇಲ್ಲ.”

“ಹಾಗಾದ್ರೆ ಇನ್ನು ಬದಲ್ಸ್ಲಿಕ್ಕೆ ಹೋಗ್ಬೇಡ, ಆಯ್ತಾ,” ಎಂದರು ಅಮ್ಮ.

ಸಂಪ್ರೀತಾಳ ಎದುರು ಗೋಡೆಯ ಮೇಲೆ ಸಂಶೋಧಕರ ಹೊಸ ಪಟ್ಟಿ ಅಂಟಿಸಿದ್ದರು. ಅವಳ ಹೆಸರಿನ ಮುಂದೆ ‘ಭಾರತೀಯ ಸಿನೆಮಾ’ ಎಂದು ಆಗಲೇ ಅಚ್ಚಾಗಿತ್ತು. ಕೆಳಗಿದ್ದದ್ದು ಹೋದ ವಾರದ, ಎಂದರೆ ಸಭೆಗೂ ಮುಂಚಿನ, ತಾರೀಕು. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಹಲ್ಲಿನಿಂದ ಪೆನ್ನಿನ ಮುಚ್ಚಳ ತೆಗೆದು, ಆ ಎರಡು ಪದಗಳನ್ನು ಹೊಡೆದುಹಾಕಿ ಮೇಲೆ ಹಾರ್ಲನ್ ವೀಡ್ ಎಂದು ಬರೆದಳು. ನುಣುಪು ಕಾಗದಕ್ಕೆ ಶಾಯಿ ಹಿಡಿಯಲಿಲ್ಲ. ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಮತ್ತೆ ತಿದ್ದತೊಡಗಿದಳು.