ಗುಬ್ಬಚ್ಚಿ ಮೂರು ಚೂರು ತಿಂದಿತು

1

ಎಲ್ಲಿಂದ ಶುರು ಮಾಡಲಿ? 'ನ್ಯೂಟ್ ಸತ್ತುಹೋಯಿತು' ಎಂದು ಶುರು ಮಾಡಿದ್ದೆ. ಬರೆದ ಮರುಕ್ಷಣ ಎದ್ದು ಹೋಗಿ ಟ್ಯಾಂಕ್ ನೋಡಿಬಂದೆ. ಸತ್ತಿಲ್ಲ. ಆ ಸಾಲನ್ನು ಹೊಡೆದುಹಾಕಿದ್ದೇನೆ, ನೀವೂ ಓದಿಲ್ಲ ಅಂದುಕೊಳ್ಳಿ.

2

ನ್ಯೂಟ್ ಅಂದರೆ ನೋಡಲು ಹಲ್ಲಿ, ಸಂಬಂಧದಲ್ಲಿ ಕಪ್ಪೆಯ ದಾಯಾದಿ, ವಾಸ ಹೆಚ್ಚಾಗಿ ನೀರಿನಲ್ಲಿ. ಇಂಥ ಬೆರಳುದ್ದದವು ಎರಡು, ಅಕ್ಕನ ಮಗಳವು. ದೊಡ್ಡದಕ್ಕೆ ರೌಡಿ, ಸಣ್ಣದಕ್ಕೆ ಗುಬ್ಬಚ್ಚಿ ಎಂದು ಅವಳೇ ಹೆಸರಿಟ್ಟಿದ್ದಾಳೆ. ಹನ್ನೊಂದು ವರ್ಷದವಳು. ಬೆನ್ನುಮೂಳೆಯ ಆಪರೇಶನ್‌ಗೆ ಹೋಗುವಾಗ ಟ್ಯಾಂಕನ್ನೂ ಒಂದು ನೋಟ್‌ಬುಕ್ಕನ್ನೂ ನನಗೆ ಒಪ್ಪಿಸಿದಳು. ನೀರು ಎಷ್ಟು ಬಿಸಿ, ಯಾರು ಎಷ್ಟು ಚೂರು ಎರೆಹುಳ ತಿಂದರು, ಎಲ್ಲ ಬರೆದು ದಿನಾ ಆ ಪುಟದ ಫೋಟೊ ಅಕ್ಕನ ಫೋನಿಗೆ ಕಳಿಸಬೇಕು.

(ಕಥೆ ಬರೆಯುವವನ ಕೈಗೆ ನೋಟ್‌ಬುಕ್ ಕೊಡಬಾರದಿತ್ತು.)

3

ಮೊದಲ ದಿನವೇ ಗುಬ್ಬಚ್ಚಿ ತಿನ್ನಲಿಲ್ಲ. ಇಕ್ಕಳದಲ್ಲಿ ಚೂರು ಹಿಡಿದು ಮೂಗಿನ ಮುಂದೆ ಆಡಿಸಿದೆ. ಮುಖ ತಿರುಗಿಸಿಕೊಂಡು, ಮೂಲೆಯ ಕಲ್ಲು ಹತ್ತಿ, ನೀರಿನಿಂದಾಚೆ ಕೂತಿತು. ರೌಡಿ ತನ್ನ ಪಾಲು ಮುಗಿಸಿ ಅದರ ಕಾಲು ಕಚ್ಚಲು ಹೋಯಿತು. ಆಸ್ಪತ್ರೆಯಲ್ಲಿ ಆಗಷ್ಟೇ ಮಗುವನ್ನು ಒಳಗೆ ಕರೆದೊಯ್ದಿದ್ದರು. ಅಂಥ ಹೊತ್ತಿನಲ್ಲಿ ಇಂಥದನ್ನು ಬರೆಯಲಾಗದೆ, 'ಗುಬ್ಬಚ್ಚಿ: ಮೂರು ಚೂರು, ಇಕ್ಕಳದಿಂದ. ಖುಷಿಗೆ ಬಾಲ ಆಡಿಸಿತು' ಎಂದು ಬರೆದೆ. ವಾಕ್ಯ ಚೆನ್ನಾಗಿಯೇ ಬಂದಿತ್ತು.

ಮರುದಿನ ನಾಲ್ಕು ಚೂರು. ಐದನೆಯ ದಿನ 'ಇವತ್ತು ಸ್ವಲ್ಪ ಜಂಬ' ಎಂದೂ ಸೇರಿಸಿದೆ. ಪುಟದಲ್ಲಿ ಗುಬ್ಬಚ್ಚಿ ದಪ್ಪಗಾಗುತ್ತಾ ಹೋಯಿತು, ಟ್ಯಾಂಕಿನಲ್ಲಿ ಅದರ ಸೊಂಟದ ಮೂಳೆ ಕಾಣತೊಡಗಿತು. ಬೆಳಗ್ಗೆ ಟ್ಯಾಂಕಿರುವ ಕೋಣೆಯ ಬಾಗಿಲು ತೆಗೆಯಲು ನನಗೆ ಭಯ.

4

ಇಲ್ಲಿ ಅಕ್ಕ ಜಗಳಕ್ಕೆ ಬರುತ್ತಾಳೆ.

"ನನ್ನನ್ನ ಈ ಕಥೆಯಿಂದ ಬಿಟ್ಟುಬಿಡೋ."

"ಆಗಲ್ಲ ಅಕ್ಕ, ಮುಂದೆ ನೀನು ಬೇಕಾಗ್ತೀಯ."

"ಹಾಗಾದ್ರೆ ಅವಳು ಹುಷಾರಾಗಿ ಮನೆಗೆ ಬಂದ್ಲು ಅಂತ ಈಗಲೇ ಬರೆದುಬಿಡು. ನಿನ್ನ ಕೈಲೇ ಇದೆಯಲ್ಲ."

ಪೆನ್ನೆತ್ತಿದೆ, ಕೈ ಬರಲಿಲ್ಲ. ನಾನು ಬರೆದದ್ದೆಲ್ಲ ಉಲ್ಟಾ ಆಗುತ್ತಿರುವ ವಾರ ಇದು.

6

(ಐದನ್ನು ಹರಿದೆ. ಅದರಲ್ಲಿ ಪಶುವೈದ್ಯರೊಬ್ಬರು ಬಂದು ಎಲ್ಲ ಸರಿಮಾಡುತ್ತಿದ್ದರು. ನಿಜವಾದ ವೈದ್ಯರು ತಾವು ನಾಯಿ, ಬೆಕ್ಕು ಬಿಟ್ಟರೆ ಬೇರೇನೂ ನೋಡುವುದಿಲ್ಲ ಎಂದರು.)

ಒಂಬತ್ತನೆಯ ದಿನ, ಅಂದರೆ ಇವತ್ತು ಮಧ್ಯಾಹ್ನ, ಅಕ್ಕನ ಮಗಳೇ ಫೋನ್ ಮಾಡಿದಳು. ಇಷ್ಟು ದಿನ ಅಕ್ಕ ಅವಳಿಗೆ 'ತಿಂತಂತೆ' ಎಂದಷ್ಟೇ ಹೇಳುತ್ತಿದ್ದಳು. ಇವತ್ತು ಪುಟಗಳ ಫೋಟೊಗಳನ್ನು ಮಗಳೇ ಓದಿದ್ದಾಳೆ.

"ಮಾಮ, ಗುಬ್ಬಚ್ಚಿ ಇಕ್ಕಳದಿಂದ ಯಾವತ್ತೂ ತಿಂದಿಲ್ಲ."

ಎದುರಿಗಿದ್ದ ನೋಟ್‌ಬುಕ್ಕನ್ನು ಮುಚ್ಚಿದೆ.

"ಅದಕ್ಕೆ ರೌಡಿ ಅಂದ್ರೆ ಭಯ. ಮಧ್ಯೆ ನನ್ನ ಪರೀಕ್ಷೆ ಪ್ಯಾಡ್ ಅಡ್ಡ ನಿಲ್ಲಿಸ್ಬೇಕು, ಚೂರು ಕೆಳಗೆ ಹಾಕಿ ದೂರ ಹೋಗ್ಬೇಕು. ಹೇಳೋದು ಮರೆತುಬಿಟ್ಟಿದ್ದೆ. ತಿಂದಿಲ್ಲ ಅಂತ ಬರ್ದಿದ್ರೆ ಅಮ್ಮ ನನ್ನ ಕೇಳ್ತಿದ್ಲು."

ಮತ್ತೆ ಕೇಳಿದಳು.

"ನಾಲ್ಕೇ ದಿನ, ಆಮೇಲೆ ಓಡಾಡಬಹುದು ಅಂತ ಅಮ್ಮ ಹೇಳಿದ್ಲಲ್ಲ. ಅದೂ ನೀನೇ ಬರ್ಕೊಟ್ಟಿದ್ದಾ?"

ಮಗಳಿಗೆ ಏನು ಹೇಳುವುದೆಂದು ತಿಳಿಯದೆ ಅಕ್ಕ ನನ್ನನ್ನು ಕೇಳಿದ್ದಳು, ನಾನು ನಾಲ್ಕು ಸಾಲು ಬರೆದುಕೊಟ್ಟಿದ್ದೆ.

"ಹೌದು," ಎಂದೆ.

"ಡಾಕ್ಟ್ರು ಏನಂದ್ರು?"

"ಕಾಲಿಗೆ ಶಕ್ತಿ ಬರುತ್ತಾ ಅಂತ ಕಾದು ನೋಡ್ಬೇಕಂತೆ. ಅವರಿಗೂ ಗೊತ್ತಿಲ್ಲ."



"ಫೋನ್ ಇಡ್ಬೇಡ," ಎಂದಳು. "ಪ್ಯಾಡ್ ನಿಲ್ಲಿಸು."

7

ಮುಕ್ತಾಯ ಒಂದು: ಗುಬ್ಬಚ್ಚಿ ಚೂರನ್ನು ಗಬಕ್ಕನೆ ನುಂಗುತ್ತದೆ, ಅವಳು ನಡೆದುಕೊಂಡೇ ಮನೆಗೆ ಬರುತ್ತಾಳೆ. ಮುಕ್ತಾಯ ಎರಡನ್ನು ಬರೆಯುವ ಧೈರ್ಯ ನನಗಿಲ್ಲ. ಮೊದಲನೆಯದನ್ನೂ ಹೊಡೆದುಹಾಕುತ್ತೇನೆ. ಎಂಟು ದಿನ ಅದನ್ನೇ ತಾನೇ ಬರೆದದ್ದು.

ಪ್ಯಾಡ್ ನಿಂತಿದೆ, ರೌಡಿ ಆಚೆ ಕಡೆ. ಚೂರು ತಳದಲ್ಲಿದೆ. ಗುಬ್ಬಚ್ಚಿ ಕಲ್ಲಿನಿಂದ ಒಂದು ಕಾಲು ನೀರಿಗಿಳಿಸಿತ್ತು. ನಾನು ಬಾಗಿಲಿನವರೆಗೆ ಹಿಂದೆ ಸರಿದಿದ್ದೇನೆ, ಇಲ್ಲಿಂದ ಏನೂ ಸರಿಯಾಗಿ ಕಾಣುವುದಿಲ್ಲ. ನೋಟ್‌ಬುಕ್ಕಿನಲ್ಲಿ ಇವತ್ತಿನ ಸಾಲು ಖಾಲಿ.

"ತಿಂತಾ ಮಾಮ?"

"ಗೊತ್ತಿಲ್ಲ ಪುಟ್ಟಿ."

"ಹಾಗಂತಲೇ ಬರಿ."